ಬಿಸಿಲು ಅಳೆಯುವ ಹಾದಿ: ಗ್ರೀಸಿನ ಸಿಮಿ ದ್ವೀಪದಲ್ಲಿ ಬೇಸಿಗೆಯ ಕಾಲ್ನಡಿಗೆ

ಏಜಿಯನ್ ಸಮುದ್ರದ ಗ್ರೀಕ್ ದ್ವೀಪಗಳಲ್ಲಿ ಹೆಚ್ಚಿನವು ನೀರಿನಲ್ಲಿ ಮುಳುಗಿದ ಬೆಟ್ಟಸಾಲುಗಳ ನೆತ್ತಿಗಳು. ಕಡಲಂಚಿನಿಂದಲೇ ಏರು ಆರಂಭವಾಗುವ ಈ ನೆಲದಲ್ಲಿ ಬಂದರಿನಿಂದ ಊರಿಗೆ, ಊರಿನಿಂದ ಹೊಲಕ್ಕೆ, ಹೊಲದಿಂದ ಬೆಟ್ಟದ ಮೇಲಿನ ಪ್ರಾರ್ಥನಾಮಂದಿರಕ್ಕೆ ಜನರೂ ಹೇಸರಗತ್ತೆಗಳೂ ಶತಮಾನಗಳ ಕಾಲ ತುಳಿದ ಕಾಲುದಾರಿಗಳಿವೆ. ಮೋಟಾರು ರಸ್ತೆಗಳು ಬಂದ ಮೇಲೆ ಊರವರಿಗೆ ಅಷ್ಟಾಗಿ ಬೇಡವಾದ ಈ ದಾರಿಗಳೇ ಈಗ ನಡೆಯಲೆಂದೇ ಬರುವ ಪ್ರವಾಸಿಗರನ್ನು ಯುರೋಪಿನ ನಾನಾ ದೇಶಗಳಿಂದ ಸೆಳೆಯುತ್ತಿವೆ. ಒಂದೆಡೆ ತಂಗಿ, ದಿನಕ್ಕೊಂದು ದಾರಿಯನ್ನು ಆಯ್ದು ನಡೆದು, ಆಮೇಲೆ ಕಡಲಿಗಿಳಿದು ದಣಿವಾರಿಸಿಕೊಳ್ಳುವ ಈ ಬಗೆಯ ರಜೆಗೆ ವಿಶೇಷ ಪರಿಣತಿಯೇನೂ ಬೇಕಿಲ್ಲವೆಂಬ ಭಾವನೆ ಸಾಮಾನ್ಯವಾಗಿದ್ದು, ವಸಂತಕಾಲದಲ್ಲಿಯೂ ಶರತ್ಕಾಲದಲ್ಲಿಯೂ ಅದು ಬಹುಮಟ್ಟಿಗೆ ಸರಿಯೇ. ಆದರೆ ಶಾಲೆಗಳಿಗೆ ರಜೆ ಇರುವ, ವಿಮಾನಗಳು ತುಂಬಿ ಬರುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ ಅದೇ ದಾರಿಯ ಅದೇ ದೂರವನ್ನು ಕ್ರಮಿಸುವುದು ಬೇರೆಯೇ ಒಂದು ಕೆಲಸವಾಗುತ್ತದೆ.

ಈ ಸಂಗತಿ ಜಗತ್ತಿನ ಗಮನಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಆ ವರ್ಷ ಗ್ರೀಸಿನಲ್ಲಿ ಉಷ್ಣ ಅಲೆ ಎಂದಿಗಿಂತ ಬೇಗ ಬಂದಿತು. ಅಥೆನ್ಸಿನ ಅಕ್ರೊಪೊಲಿಸ್ ಸ್ಮಾರಕವನ್ನು ಹಗಲಿನ ಬಿಸಿ ಹೊತ್ತಿನಲ್ಲಿ ಮುಚ್ಚಲಾಯಿತು. ಆರೋಗ್ಯ ವಿಷಯಗಳ ಬಗ್ಗೆ ಕಾರ್ಯಕ್ರಮಗಳನ್ನು ನೀಡಿ ಬ್ರಿಟನ್ನಿನಲ್ಲಿ ಮನೆಮಾತಾಗಿದ್ದ ವೈದ್ಯ ಮತ್ತು ದೂರದರ್ಶನ ನಿರೂಪಕ ಮೈಕಲ್ ಮೋಸ್ಲಿ ಜೂನ್ 5ರಂದು ಸಿಮಿ ದ್ವೀಪದಲ್ಲಿ ಕಡಲತೀರವೊಂದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬರೇ ನಡೆದು ಹೊರಟವರು ಕಾಣೆಯಾಗಿ, ನಾಲ್ಕು ದಿನಗಳ ಹುಡುಕಾಟದ ನಂತರ ಇನ್ನೊಂದು ತೀರದ ಸಮೀಪದ ಕಲ್ಲಿಳಿಜಾರಿನಲ್ಲಿ ಮೃತರಾಗಿ ಸಿಕ್ಕರು. ಸಾವಿನ ವಿಚಾರಣೆ ನಡೆಸಿದ ಬ್ರಿಟಿಷ್ ಅಧಿಕಾರಿ ನಿಖರ ಕಾರಣವನ್ನು ನಿರ್ಧರಿಸಲಾಗದೆಂದು ದಾಖಲಿಸಿ, ಬಿಸಿಲಾಘಾತವನ್ನು ಸಂಭವನೀಯ ಕಾರಣಗಳಲ್ಲಿ ಒಂದೆಂದು ಗುರುತಿಸಿದರು. ಅದೇ ತಿಂಗಳು ಬೇರೆ ಕೆಲವು ಗ್ರೀಕ್ ದ್ವೀಪಗಳಲ್ಲಿಯೂ ನಡೆಯಲು ಹೋದ ವಿದೇಶಿ ಪ್ರವಾಸಿಗರು ಸತ್ತರು ಅಥವಾ ಕಾಣೆಯಾದರು.

ಇದರಿಂದ ದ್ವೀಪದ ಹಾದಿಗಳೇ ಕೆಟ್ಟವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಬೇಸಿಗೆಯ ನಡಿಗೆಯನ್ನು ನಕ್ಷೆಯ ಕಿಲೋಮೀಟರುಗಳಲ್ಲಿ ಅಳೆಯುವ ಅಭ್ಯಾಸದಲ್ಲಿ ಅಪಾಯದ ಬೇರು ಇದೆ. ಈ ನೆಲದಲ್ಲಿ ನಡಿಗೆಗೆ ನಿಜವಾದ ಅಳತೆಗಳು ಹೊತ್ತು ಮತ್ತು ನೀರು. ದ್ವೀಪವಾಸಿಗಳು ತಮ್ಮ ದಿನಚರಿಯನ್ನೂ ಹಾದಿಗಳನ್ನೂ ನೀರಿನ ತೊಟ್ಟಿಗಳನ್ನೂ ರೂಪಿಸಿಕೊಂಡದ್ದು ಈ ಅಳತೆಗಳ ಮೇಲೆಯೇ ಆದುದರಿಂದ, ಅಲ್ಲಿನ ಕಲ್ಲು, ಗಾಳಿ ಮತ್ತು ಬಿಸಿಲನ್ನು ಸ್ವಲ್ಪಮಟ್ಟಿಗೆ ಅರಿತವರಿಗೆ ಬೇಸಿಗೆಯಲ್ಲಿಯೂ ನಡಿಗೆ ಎಲ್ಲಿಯವರೆಗೆ ಸಾಧ್ಯ, ಎಲ್ಲಿಂದ ಆಚೆ ಸಲ್ಲದು ಎಂಬುದು ಸ್ಪಷ್ಟವಾಗುತ್ತದೆ.

ದ್ವೀಪ ಮತ್ತು ಅದರ ಹಾದಿಗಳು

ಏಜಿಯನ್ ಸಮುದ್ರದ ಆಗ್ನೇಯ ಮೂಲೆಯಲ್ಲಿ, ಟರ್ಕಿಯ ಕರಾವಳಿಗೆ ತೀರ ಹತ್ತಿರದಲ್ಲಿ ಹರಡಿರುವ ಡೊಡೆಕನೀಸ್ ದ್ವೀಪಸಮೂಹಕ್ಕೆ ಸಿಮಿ ಸೇರಿದೆ. ದೊಡ್ಡ ದ್ವೀಪವಾದ ರೋಡ್ಸ್‌ನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಸಿಮಿಯ ವಿಸ್ತೀರ್ಣ 60 ಚದರ ಕಿಲೋಮೀಟರಿಗೂ ಕಡಿಮೆಯಾದರೂ, ಅದರ ಅತಿ ಎತ್ತರದ ನೆಲೆಯಾದ ವಿಗ್ಲಾ ಶಿಖರ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ಎತ್ತರವೆಂದರೆ ಸಮತಟ್ಟಾದ ದಾರಿ ಅಪರೂಪವೆಂದೇ ಅರ್ಥ. ಯಾಲೋಸ್ ಎಂಬ ಬಂದರು ಊರನ್ನೂ ಅದರ ಮೇಲಿನ ಹೋರಿಯೋ ಎಂಬ ಹಳೆಯ ಊರನ್ನೂ ಕಾಲಿ ಸ್ಟ್ರಾಟಾ ಎಂಬ ಅಗಲವಾದ ಕಲ್ಲುಮೆಟ್ಟಿಲ ಬೀದಿ ಜೋಡಿಸುತ್ತದೆ. ನೂರಾರು ಮೆಟ್ಟಿಲುಗಳ ಈ ಬೀದಿಯ ಎರಡು ಬದಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಸಿರಿವಂತ ವರ್ತಕರ ಮನೆಗಳಿದ್ದು, ಅವುಗಳಲ್ಲಿ ಕೆಲವು ಇಂದು ಚಾವಣಿ ಕಳೆದುಕೊಂಡು ನಿಂತಿವೆ.

ಆ ಸಿರಿ ಬಂದದ್ದು ಕಡಲಿನಿಂದ. ಸಮುದ್ರತಳದಲ್ಲಿ ಬೆಳೆಯುವ ಸ್ಪಂಜು ಎಂಬ ಜೀವಿಯನ್ನು ಮುಳುಗಿ ಕಿತ್ತು ತಂದು ಮಾರುವ ಕಸುಬಿನಲ್ಲಿ ಸಿಮಿಯವರು ಹೆಸರುವಾಸಿಯಾಗಿದ್ದರು. ಈಸ್ಟರ್ ಹಬ್ಬದ ನಂತರ ಹೊರಡುತ್ತಿದ್ದ ಅವರ ದೋಣಿಗಳು ಶರತ್ಕಾಲದಲ್ಲಿ ಮರಳುತ್ತಿದ್ದವು. 1900ರಲ್ಲಿ ಆಂಟಿಕಿಥೆರಾ ದ್ವೀಪದ ಬಳಿ ಪ್ರಾಚೀನ ಹಡಗೊಂದರ ಅವಶೇಷಗಳನ್ನು ಮೊದಲು ಕಂಡವರು ಸಿಮಿಯ ಸ್ಪಂಜು ಮುಳುಗುಗಾರರೇ. ಗ್ರಹಗತಿಗಳನ್ನು ಲೆಕ್ಕಹಾಕುವ ಹಲ್ಲುಗಾಲಿಗಳ ಪ್ರಾಚೀನ ಯಂತ್ರವೆಂದು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾದ ಆಂಟಿಕಿಥೆರಾ ಯಂತ್ರ ಸಿಕ್ಕಿದ್ದು ಆ ಹಡಗಿನಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿದ್ದ ದ್ವೀಪದ ಜನಸಂಖ್ಯೆ ಸ್ಪಂಜಿನ ವ್ಯಾಪಾರ ಕುಸಿದ ಮೇಲೆ ವಲಸೆಯಿಂದ ಇಳಿಯುತ್ತಾ ಬಂದು ಇಂದು ಎರಡೂವರೆ ಸಾವಿರದ ಆಸುಪಾಸಿನಲ್ಲಿದೆ. ಅಷ್ಟು ಜನರನ್ನು ಸಲಹುತ್ತಿದ್ದ ಬೆಟ್ಟದ ಹೊಲಗಳು, ಕಣಗಳು, ಕಲ್ಲಿನ ದ್ರಾಕ್ಷಿಗಾಣಗಳು ಪಾಳುಬಿದ್ದಿವೆ; ಅವುಗಳಿಗೆ ಹೋಗುತ್ತಿದ್ದ ಹಾದಿಗಳು ಉಳಿದಿವೆ.

ಕಲ್ಲು ಹಾಸಿದ ಇಂತಹ ಹಾದಿಯನ್ನು ಗ್ರೀಸಿನಲ್ಲಿ ಕಲ್ದೆರಿಮಿ ಎನ್ನುತ್ತಾರೆ. ಹೊರೆ ಹೊತ್ತ ಕತ್ತೆ ಮತ್ತು ಹೇಸರಗತ್ತೆಗಳು ಜಾರದೆ ಏರಿಳಿಯುವಂತೆ ಅಗಲವಾದ, ತಗ್ಗು ಮೆಟ್ಟಿಲುಗಳನ್ನಿಟ್ಟು, ಕಡಿದಾದ ಕಡೆ ಅಂಕುಡೊಂಕಾಗಿ ತಿರುಗಿಸಿ, ಇಳಿಜಾರಿನ ಬದಿಗೆ ಗಾರೆ ಬಳಸದ ಕಲ್ಲುಗೋಡೆಯ ಆಸರೆ ಕೊಟ್ಟು ಇದನ್ನು ಕಟ್ಟುತ್ತಿದ್ದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಗೋಡೆ ಎಬ್ಬಿಸುವ ಈ ವಿದ್ಯೆಯನ್ನು ಯುನೆಸ್ಕೊ ಸಂಸ್ಥೆಯು 2018ರಲ್ಲಿ ಗ್ರೀಸ್ ಸೇರಿದಂತೆ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಸ್ಥಿತಿಯಲ್ಲಿರುವ ಕಲ್ದೆರಿಮಿಯಲ್ಲಿ ದಾರಿ ತಪ್ಪುವ ಸಂಭವ ಕಡಿಮೆ. ಆದರೆ ಗೋಡೆ ಕುಸಿದು, ಹಾಸುಗಲ್ಲು ಕಿತ್ತುಹೋಗಿ, ಮುಳ್ಳುಗಿಡಗಳು ಮುಚ್ಚಿಕೊಂಡ ಕಡೆಗಳಲ್ಲಿ ಹಳೆಯ ಹಾದಿಗೂ ಮೇಕೆಗಳು ತುಳಿದ ಜಾಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಬಂಡೆಯ ಮೇಲಿನ ಬಣ್ಣದ ಚುಕ್ಕೆಗಳೂ ಹಿಂದೆ ನಡೆದವರು ಒಟ್ಟಿದ ಚಿಕ್ಕ ಕಲ್ಲುಗುಡ್ಡೆಗಳೂ ಅಲ್ಲಿ ದಾರಿ ತೋರುತ್ತವೆಯಾದರೂ, ಬಿಸಿಲಿಗೆ ಮಬ್ಬಾದ ಮನಸ್ಸು ಮೊದಲು ಕಾಣದೆ ಹೋಗುವುದು ಇಂತಹ ಗುರುತುಗಳನ್ನೇ.

ಕಲ್ಲು ನಿರ್ಧರಿಸುವ ನೀರು

ಒಂದು ದ್ವೀಪದಲ್ಲಿ ನಡೆಯುವವನಿಗೆ ದಾರಿಯಲ್ಲಿ ನೀರು ಸಿಗುವುದೇ ಎಂಬ ಪ್ರಶ್ನೆಗೆ ಉತ್ತರ ಆ ದ್ವೀಪದ ಶಿಲೆಯಲ್ಲಿದೆ. ಸಿಮಿಯ ಬೆಟ್ಟಗಳು ಹೆಚ್ಚಾಗಿ ಸುಣ್ಣಕಲ್ಲಿನವು. ಮಳೆನೀರಿನಲ್ಲಿ ನಿಧಾನವಾಗಿ ಕರಗುವ ಗುಣವುಳ್ಳ ಈ ಕಲ್ಲಿನಲ್ಲಿ ಬಿರುಕು, ಬಿಲ, ಗವಿಗಳು ಉಂಟಾಗಿ ಬಿದ್ದ ಮಳೆ ಬೇಗನೆ ನೆಲದಾಳಕ್ಕೆ ಇಳಿದುಹೋಗುವುದರಿಂದ ಮೇಲ್ಮೈಯಲ್ಲಿ ಹೊಳೆಯಾಗಲಿ ಊಟೆಯಾಗಲಿ ಕಾಣುವುದು ವಿರಳ. ಈ ಕೊರತೆಯನ್ನು ನೀಗಿಸಲು ಸಿಮಿಯವರು ಪ್ರತಿ ಮನೆಯ ಕೆಳಗೆ, ಪ್ರತಿ ಮಠದ ಅಂಗಳದಲ್ಲಿ ಮಳೆನೀರಿನ ತೊಟ್ಟಿ ಕಟ್ಟಿ, ಚಳಿಗಾಲದಲ್ಲಿ ತುಂಬಿದ ನೀರನ್ನು ಮುಂದಿನ ಮಳೆಯವರೆಗೆ ಜೋಪಾನ ಮಾಡುತ್ತಿದ್ದರು. ಇತ್ತೀಚಿನ ದಶಕಗಳಲ್ಲಿ ಹಡಗುಗಳಲ್ಲಿ ತಂದ ನೀರನ್ನೂ ದ್ವೀಪ ನೆಚ್ಚಿಕೊಳ್ಳಬೇಕಾಯಿತು. ಬೆಟ್ಟದ ಹಾದಿಗಳ ಉದ್ದಕ್ಕೂ ಕಾಣುವ ಚಿಕ್ಕ ಪ್ರಾರ್ಥನಾಮಂದಿರಗಳು, ಅವುಗಳ ಅಂಗಳದ ಒಂದೆರಡು ಸೈಪ್ರಸ್ ಮರಗಳು ಮತ್ತು ಒಂದು ತೊಟ್ಟಿ ದೈವಭಕ್ತಿಯ ಜೊತೆಗೆ ದಾರಿಹೋಕರ ನೆರಳು-ನೀರಿನ ಅಗತ್ಯವನ್ನೂ ಪೂರೈಸುತ್ತಿದ್ದವು. ಇಂದು ಅವುಗಳಲ್ಲಿ ಹಲವಕ್ಕೆ ಬೀಗ ಹಾಕಿರುವುದರಿಂದಲೂ ತೊಟ್ಟಿಯ ನೀರು ಕುಡಿಯಲು ಯೋಗ್ಯವೆಂಬ ಭರವಸೆ ಇಲ್ಲದಿರುವುದರಿಂದಲೂ ನಡೆಯುವವನು ದಾರಿಯ ನೀರನ್ನು ಲೆಕ್ಕಕ್ಕೆ ಹಿಡಿಯಲಾಗದು.

ಇದಕ್ಕೆ ಹೋಲಿಸಿದರೆ ಸೈಕ್ಲಡೀಸ್ ದ್ವೀಪಸಮೂಹದ ಉತ್ತರ ತುದಿಯಲ್ಲಿರುವ ಆಂಡ್ರೋಸ್ ದ್ವೀಪದ ಸ್ಥಿತಿ ಬೇರೆ. ಅಲ್ಲಿನ ಬೆಟ್ಟಗಳು ಹೆಚ್ಚಾಗಿ ಶಿಸ್ಟ್ ಎಂಬ ಪದರಗಲ್ಲಿನವು. ನೀರನ್ನು ಸುಲಭವಾಗಿ ಒಳಬಿಡದ ಈ ಕಲ್ಲಿನ ಮೇಲೆ ಹರಿದ ನೀರು ಊಟೆಗಳಾಗಿ ಹೊರಬಂದು, ಬೇಸಿಗೆಯಲ್ಲಿಯೂ ಬತ್ತದ ತೊರೆಗಳನ್ನೂ ಕಣಿವೆಯ ನೆರಳನ್ನೂ ಉಳಿಸಿದೆ. ಸುಮಾರು ಸಾವಿರ ಮೀಟರ್ ಎತ್ತರದ ಶಿಖರವಿರುವ ಆ ದ್ವೀಪದ 100 ಕಿಲೋಮೀಟರ್ ಉದ್ದದ ಕಾಲುದಾರಿಗೆ 2015ರಲ್ಲಿ ಯುರೋಪಿಯನ್ ರ್‍ಯಾಂಬ್ಲರ್ಸ್ ಅಸೋಸಿಯೇಷನ್ ಎಂಬ ನಡಿಗೆ ಸಂಘಗಳ ಒಕ್ಕೂಟದ ಗುಣಮಟ್ಟದ ಮಾನ್ಯತೆ ದೊರಕಿತು. ಎರಡೂ ಗ್ರೀಕ್ ದ್ವೀಪಗಳೇ, ಎರಡೂ ಗುಡ್ಡಗಾಡುಗಳೇ. ಆದರೂ ಒಂದರಲ್ಲಿ ಒಂದು ಬಾಟಲಿ ನೀರಿನಲ್ಲಿ ಮುಗಿಯುವ ನಡಿಗೆಗೆ ಇನ್ನೊಂದರಲ್ಲಿ ಮೂರು ಬೇಕಾಗಬಹುದೆಂಬುದನ್ನು ನಕ್ಷೆ ಹೇಳುವುದಿಲ್ಲ, ಶಿಲೆ ಹೇಳುತ್ತದೆ.

ಮುಂಗಾರಿನ ಇನ್ನೊಂದು ತುದಿ

ಏಜಿಯನ್ ಬೇಸಿಗೆಯ ವಿಶೇಷವೆಂದರೆ ಅದು ಬಿಸಿಯೂ ಹೌದು, ಸಂಪೂರ್ಣ ಒಣಗಾಲವೂ ಹೌದು. ಜೂನ್‌ನಿಂದ ಆಗಸ್ಟ್‌ವರೆಗೆ ಸಿಮಿಯಲ್ಲಿ ಮಳೆ ಇಲ್ಲವೆಂದೇ ಹೇಳಬಹುದು. ಇದೇ ತಿಂಗಳುಗಳಲ್ಲಿ ಭಾರತದಲ್ಲಿ ನೈರುತ್ಯ ಮುಂಗಾರು ಸುರಿಯುತ್ತಿರುತ್ತದೆ ಎಂಬುದು ಬರಿಯ ಕಾಕತಾಳೀಯವಲ್ಲ. ಹವಾಮಾನ ವಿಜ್ಞಾನಿಗಳಾದ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ 1996ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಎರಡರ ನಡುವಿನ ಸಂಬಂಧವನ್ನು ವಿವರಿಸಿದರು. ಸಹ್ಯಾದ್ರಿಯಿಂದ ಬಂಗಾಳದವರೆಗೆ ಏಷ್ಯಾದ ಮುಂಗಾರು ಪ್ರದೇಶದಲ್ಲಿ ತೇವಭರಿತ ಗಾಳಿ ಮೇಲೇರಿ, ಅದರ ಆವಿ ತಣಿದು ಮಳೆಯಾಗುವಾಗ ಅಪಾರ ಪ್ರಮಾಣದ ಶಾಖ ವಾಯುಮಂಡಲಕ್ಕೆ ಬಿಡುಗಡೆಯಾಗುತ್ತದೆ. ಆ ಶಾಖದಿಂದ ಎದ್ದ ಬೃಹತ್ ಅಲೆ ಪಶ್ಚಿಮ ದಿಕ್ಕಿಗೆ ಹರಡಿ, ಮಧ್ಯ ಅಕ್ಷಾಂಶಗಳ ಪಡುವಣ ಗಾಳಿಯನ್ನು ಸಂಧಿಸಿದಾಗ ಪೂರ್ವ ಮೆಡಿಟರೇನಿಯನ್ ಪ್ರದೇಶದ ಮೇಲೆ ಗಾಳಿ ಕೆಳಮುಖವಾಗಿ ಇಳಿಯುತ್ತದೆ. ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ ಮತ್ತು ಒಣಗುತ್ತದೆ. ಅಲ್ಲಿ ಮೋಡ ಕಟ್ಟುವುದಿಲ್ಲ. ಆಗುಂಬೆಯಲ್ಲಿ ಮಳೆ ಬಿಡದೆ ಹೊಯ್ಯುವ ದಿನಗಳಲ್ಲಿ ಏಜಿಯನ್ ಆಕಾಶ ತಿಂಗಳುಗಟ್ಟಲೆ ನಿರಭ್ರವಾಗಿರುವುದು ಹೀಗೆ ಒಂದೇ ವ್ಯವಸ್ಥೆಯ ಎರಡು ತುದಿಗಳಾಗಿ ಕಾಣುತ್ತದೆ.

ಬೇಸಿಗೆಯಲ್ಲಿ ಏಜಿಯನ್ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿಗೂ ಮುಂಗಾರಿನ ನಂಟಿದೆ. ಏಷ್ಯಾದ ಮುಂಗಾರಿನ ವಾಯುಭಾರ ಕುಸಿತದ ಪಶ್ಚಿಮ ಚಾಚು ಟರ್ಕಿಯವರೆಗೂ ಬಂದಿರುವಾಗ, ಬಾಲ್ಕನ್ ಪ್ರದೇಶದ ಮೇಲೆ ಹೆಚ್ಚಿನ ಒತ್ತಡವಿದ್ದರೆ ಇವೆರಡರ ನಡುವಿನ ವ್ಯತ್ಯಾಸದಿಂದ ಈ ಗಾಳಿ ಹುಟ್ಟುತ್ತದೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಅದು ದಿನಗಟ್ಟಲೆ ಬಲವಾಗಿ ಬೀಸಿ ಹಡಗುಗಳ ಸಂಚಾರವನ್ನೇ ನಿಲ್ಲಿಸುವುದುಂಟು. ನಾಕ್ಸೋಸ್, ಆಂಡ್ರೋಸ್‌ನಂತಹ ದ್ವೀಪಗಳ ಬೇಸಿಗೆ ಸಹ್ಯವೆನಿಸುವುದು ಇದರಿಂದಲೇ. ಆದರೆ ಮೆಲ್ಟೆಮಿಯಲ್ಲಿ ನಡೆಯುವವನಿಗೆ ಎರಡು ಮೋಸಗಳಿವೆ. ಬೆವರು ಚರ್ಮದ ಮೇಲೆ ನಿಲ್ಲದೆ ಕೂಡಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಳ್ಳುತ್ತಿದೆ ಎಂಬುದು ತಿಳಿಯುವುದಿಲ್ಲ ಎಂಬುದು ಒಂದು. ಬೆಟ್ಟದ ಬೆನ್ನಿನ ಮೇಲೆ ತಂಪಾಗಿ ತಾಗುತ್ತಿದ್ದ ಗಾಳಿ ಮರೆಯ ಕಣಿವೆಗೆ ಇಳಿದೊಡನೆ ಇಲ್ಲವಾಗಿ, ಸುತ್ತಲಿನ ಬಂಡೆಗಳ ಕಾವು ಒಮ್ಮೆಲೇ ಮೇಲೆರಗುತ್ತದೆ ಎಂಬುದು ಇನ್ನೊಂದು. ಗುಡ್ಡಗಳಿಂದ ಸುತ್ತುವರಿದ ಸಿಮಿಯ ಕೊಲ್ಲಿಗಳಲ್ಲಿ ಈ ಎರಡನೆಯ ಅನುಭವ ಸಾಮಾನ್ಯ. ಬಿಳಿಯ ಸುಣ್ಣಕಲ್ಲು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಹಿಂದೆರಚುವುದರಿಂದ ಟೋಪಿಯ ನೆರಳು ಅಲ್ಲಿ ಅರ್ಧ ರಕ್ಷಣೆ ಮಾತ್ರ.

ದೇಹದ ಲೆಕ್ಕ

ಸುಮ್ಮನೆ ಕುಳಿತಿರುವ ವಯಸ್ಕನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಉತ್ಪಾದಿಸುತ್ತದೆ. ಏರುದಾರಿ ಹತ್ತುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚೇನೂ ಕೆಲಸವಾಗಿ ಮಾರ್ಪಡದೆ ಉಳಿದದ್ದು ಶಾಖವಾಗುವುದರಿಂದ ಈ ಮೊತ್ತ 500 ವ್ಯಾಟ್‌ಗೆ ಏರಬಹುದು. ಅದರ ಮೇಲೆ ನೆತ್ತಿಯ ಬಿಸಿಲು ಸೇರುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಈ ಶಾಖದಲ್ಲಿ ಒಂದಷ್ಟು ತಾನಾಗಿ ಹೊರಹೋಗುತ್ತದೆ. ಚರ್ಮದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದರಿಂದ, ಗಾಳಿಯ ಉಷ್ಣಾಂಶ ಅದನ್ನು ದಾಟಿದ ಕ್ಷಣದಿಂದ ಬೀಸುಗಾಳಿಯೇ ದೇಹಕ್ಕೆ ಶಾಖವನ್ನು ಸೇರಿಸತೊಡಗುತ್ತದೆ. ಆಗ ಉಳಿಯುವ ದಾರಿ ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಏರು ಹತ್ತುವವನು ಉತ್ಪಾದಿಸುವ ಶಾಖವನ್ನು ಮಾತ್ರ ಕಳೆಯಲು ಗಂಟೆಗೆ ಮುಕ್ಕಾಲು ಲೀಟರ್ ಬೆವರು ಬೇಕು, ಬಿಸಿಲಿನ ಶಾಖವೂ ಸೇರಿದರೆ ಒಂದು ಲೀಟರ್ ಅಥವಾ ಅದಕ್ಕೂ ಹೆಚ್ಚು. ಮೂರು ಗಂಟೆಗಳ ನಡಿಗೆಗೆ ಮೂರು ಲೀಟರ್ ಎಂಬ ಎಚ್ಚರಿಕೆಯ ಸೂತ್ರ ಹುಟ್ಟುವುದು ಈ ಲೆಕ್ಕದಿಂದ. ಕಳೆದುಕೊಂಡದ್ದನ್ನು ಕೊನೆಯಲ್ಲಿ ಒಮ್ಮೆಲೇ ಕುಡಿದು ತುಂಬಿಕೊಳ್ಳಲಾಗದು; ಜಠರ ಮತ್ತು ಕರುಳು ಗಂಟೆಗೆ ಸುಮಾರು ಒಂದು ಲೀಟರಿಗಿಂತ ಹೆಚ್ಚು ನೀರನ್ನು ಒಳಗೊಳ್ಳಲಾರವು.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಉಪ್ಪನ್ನು ಮರಳಿ ಕೊಡದೆ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ಕುಸಿದು ತಲೆನೋವು, ವಾಕರಿಕೆ, ಗೊಂದಲಗಳು ಕಾಣಿಸಿಕೊಳ್ಳುವುದರಿಂದ ನೀರಿನ ಜೊತೆಗೆ ಉಪ್ಪಿನ ತಿನಿಸು ಅಗತ್ಯ. ಫೆಟಾ ಎಂಬ ಉಪ್ಪುಗಿಣ್ಣು, ಉಪ್ಪುನೀರಿನಲ್ಲಿ ಹಾಕಿದ ಆಲಿವ್ ಕಾಯಿ ಮತ್ತು ಟೊಮೆಟೊ ಕೂಡಿದ ಗ್ರೀಕರ ಸಾಮಾನ್ಯ ಊಟ ಇದನ್ನು ಸಹಜವಾಗಿ ಪೂರೈಸುತ್ತದೆ.

ಬಿಸಿಲಿನ ಹೊಡೆತದಲ್ಲಿ ವೈದ್ಯರು ಎರಡು ಹಂತಗಳನ್ನು ಗುರುತಿಸುತ್ತಾರೆ. ಶಾಖದ ಬಳಲಿಕೆ ಎಂಬ ಮೊದಲ ಹಂತದಲ್ಲಿ ವಿಪರೀತ ಬೆವರು, ನಿಶ್ಶಕ್ತಿ, ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಇರುತ್ತವೆ. ನೆರಳಿನಲ್ಲಿ ಮಲಗಿಸಿ, ಮೈ ತಣಿಸಿ, ನೀರು ಕೊಟ್ಟರೆ ವ್ಯಕ್ತಿ ಚೇತರಿಸಿಕೊಳ್ಳುತ್ತಾನೆ. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಮೆದುಳಿನ ಕೆಲಸ ಏರುಪೇರಾದರೆ ಅದು ಬಿಸಿಲಾಘಾತ. ಮಾತು ತೊದಲುವುದು, ದಿಕ್ಕು ತಿಳಿಯದಿರುವುದು, ವಿಚಿತ್ರವಾಗಿ ವರ್ತಿಸುವುದು, ಪ್ರಜ್ಞೆ ತಪ್ಪುವುದು ಅದರ ಲಕ್ಷಣಗಳು. ಇದು ನಿಮಿಷಗಳ ಲೆಕ್ಕದ ತುರ್ತು. ಆಸ್ಪತ್ರೆಗೆ ಸಾಗಿಸುವುದಕ್ಕೆ ಕಾಯದೆ ಸಿಕ್ಕ ನೀರಿನಲ್ಲಿ ಮುಳುಗಿಸಿ ಅಥವಾ ಮೈಯೆಲ್ಲ ತೋಯಿಸಿ ಗಾಳಿ ಹಾಕಿ ತಣಿಸಬೇಕು, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ಉಪಯೋಗಕ್ಕೆ ಬಾರದು. ನಡೆಯುವವನಿಗೆ ಈ ವಿವರಣೆಯ ಅತಿ ಮುಖ್ಯ ಭಾಗವೆಂದರೆ, ಅಪಾಯವನ್ನು ಅರಿತು ಹಿಂದಿರುಗುವ ನಿರ್ಧಾರ ಮಾಡಬೇಕಾದ ಬುದ್ಧಿಯೇ ಬಿಸಿಲಿಗೆ ಮೊದಲು ಸೋಲುತ್ತದೆ ಎಂಬುದು. ಆರೋಗ್ಯವಂತರು, ತಿಳಿದವರು, ನಡಿಗೆಯಲ್ಲಿ ಪಳಗಿದವರು ಕೂಡ ನೇರವಾದ ದಾರಿಯನ್ನು ಬಿಟ್ಟು ಬರಡು ಇಳಿಜಾರಿಗೆ ತಿರುಗಿಬಿಡುವ ಸಂಭವ ಇರುವುದು ಇದರಿಂದಲೇ. ಒಂಟಿಯಾಗಿ ಹೋಗಬಾರದೆಂಬ ಸಲಹೆಯ ಹಿಂದಿನ ಕಾರಣವೂ ಇದೇ, ಏಕೆಂದರೆ ಒಬ್ಬರ ಮಾತು ತಪ್ಪುತ್ತಿರುವುದನ್ನು ಇನ್ನೊಬ್ಬರು ಗಮನಿಸಬಲ್ಲರು.

ದೇಹ ಬಿಸಿಗೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ. ಒಂದರಿಂದ ಎರಡು ವಾರಗಳ ಕಾಲ ದಿನವೂ ಸ್ವಲ್ಪ ಸ್ವಲ್ಪ ಬಿಸಿಲಿನಲ್ಲಿ ಶ್ರಮಿಸಿದರೆ ಬೆವರು ಬೇಗ ಆರಂಭವಾಗಿ ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಭಾಗ ಹೆಚ್ಚಿ ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಆದರೆ ಒಂದು ವಾರದ ರಜೆಗೆ ಬಂದವರು ಒಗ್ಗಿಕೊಳ್ಳುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಭಾರತೀಯರಿಗೆ ಬಿಸಿಲು ರೂಢಿಯೆಂಬ ನಂಬಿಕೆಯೂ ಇಲ್ಲಿ ಪೂರ್ತಿ ನೆರವಾಗುವುದಿಲ್ಲ. ಒಗ್ಗಿಕೊಂಡ ಗುಣ ಬಳಕೆಯಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಕರಗುವುದರಿಂದ, ಜೂನ್‌ನ ತಂಪಾದ ಬೆಂಗಳೂರಿನಿಂದ ಹೊರಟು ಏಜಿಯನ್ ದ್ವೀಪಕ್ಕೆ ಇಳಿದವರ ದೇಹ ಲಂಡನ್ನಿನಿಂದ ಬಂದವರ ದೇಹದಷ್ಟೇ ಹೊಸದಾಗಿರಬಹುದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಅಲರ್ಜಿಯ ಕೆಲವು ಮಾತ್ರೆಗಳು ದೇಹ ತಣಿಯುವ ವ್ಯವಸ್ಥೆಗೆ ಅಡ್ಡಿಯಾಗುತ್ತವೆ. ಅಂಥವರು ಹೊರಡುವ ಮುನ್ನ ವೈದ್ಯರನ್ನು ಕೇಳುವುದು ಅಗತ್ಯ.

ಗಡಿಯಾರದ ನಡುಹಗಲು, ಸೂರ್ಯನ ನಡುಹಗಲು

ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಗೆ ಬರುತ್ತಾನೆ ಎಂಬ ರೂಢಿಯ ಲೆಕ್ಕ ಸಿಮಿಯಲ್ಲಿ ಸರಿಹೋಗುವುದಿಲ್ಲ. ಬೇಸಿಗೆಯಲ್ಲಿ ಗ್ರೀಸ್ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ, ಜೂನ್ ಕೊನೆಯಲ್ಲಿ ಸಿಮಿಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಮಧ್ಯಾಹ್ನ ಸುಮಾರು 1 ಗಂಟೆ 10 ನಿಮಿಷಕ್ಕೆ. ಆಗ ಅವನು ದಿಗಂತದಿಂದ ಸುಮಾರು 77 ಡಿಗ್ರಿ ಮೇಲಿದ್ದು, ನಿಂತ ಮನುಷ್ಯನ ನೆರಳು ಕಾಲಬುಡದಲ್ಲಿರುತ್ತದೆ. ನೆಲ ಮತ್ತು ಗಾಳಿ ಕಾಯಲು ಮತ್ತಷ್ಟು ಹೊತ್ತು ಹಿಡಿಯುವುದರಿಂದ ದಿನದ ಗರಿಷ್ಠ ಉಷ್ಣಾಂಶ ಬರುವುದು ಮೂರರಿಂದ ಐದು ಗಂಟೆಯ ನಡುವೆ. ಊಟ ಮುಗಿಸಿ ಎರಡು ಗಂಟೆಗೆ ಹೊರಟರೆ ಬಿಸಿಲು ಇಳಿಮುಖವಾಗಿರುತ್ತದೆ ಎಂದುಕೊಳ್ಳುವವರು ವಾಸ್ತವವಾಗಿ ದಿನದ ಅತಿ ಕಠಿಣ ಗಂಟೆಗಳನ್ನೇ ಆಯ್ದುಕೊಂಡಿರುತ್ತಾರೆ. ಸಂಜೆಗಿಂತ ಮುಂಜಾನೆ ಲೇಸು; ಬಂಡೆಗಳು ಹಗಲಿನ ಕಾವನ್ನು ಕತ್ತಲಾದ ಮೇಲೂ ಹೊರಬಿಡುತ್ತಿರುವುದರಿಂದ ಅತಿ ಕಡಿಮೆ ಉಷ್ಣಾಂಶ ಇರುವುದು ಸೂರ್ಯೋದಯದ ಹೊತ್ತಿನಲ್ಲಿ, ಅಂದರೆ ಆರು ಗಂಟೆಗೆ ಸ್ವಲ್ಪ ಮೊದಲು. ಅಲ್ಲದೆ ಮುಂಜಾನೆ ಹೊರಟವನು ದಾರಿ ತಪ್ಪಿದರೂ ಹಗಲು ಮುಂದಿರುತ್ತದೆ, ಸಂಜೆ ಹೊರಟವನ ಮುಂದೆ ಇರುವುದು ಕತ್ತಲೆ.

ದ್ವೀಪದ ಜನ ತಮ್ಮ ದಿನವನ್ನು ಹೀಗೆಯೇ ವಿಂಗಡಿಸಿಕೊಂಡಿದ್ದಾರೆ. ಬೆಳಗಿನ ತಂಪಿನಲ್ಲಿ ಹೊಲ, ಮೀನು, ಸಂತೆಯ ಕೆಲಸ. ನಡುಹಗಲಿನಲ್ಲಿ ಕಿಟಕಿಯ ಬಾಗಿಲುಗಳನ್ನು ಮುಚ್ಚಿ ನಿದ್ದೆ. ಸಂಜೆ ಮತ್ತೆ ಅಂಗಡಿ, ಬೀದಿ, ಮಾತುಕತೆ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಸದ್ದುಗದ್ದಲ ಮಾಡಬಾರದೆಂಬ ನಿಯಮವೇ ಗ್ರೀಸಿನಲ್ಲಿದೆ. 2023ರ ಜುಲೈನ ಸುದೀರ್ಘ ಉಷ್ಣ ಅಲೆಯಲ್ಲಿ ಸರ್ಕಾರವು ಬಿಸಿ ಹೆಚ್ಚಿದ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 5ರವರೆಗೆ ಹೊರಾಂಗಣದ ಶ್ರಮದ ಕೆಲಸಗಳನ್ನು ನಿಲ್ಲಿಸುವಂತೆ ಆದೇಶಿಸಿತು. ಕಟ್ಟಡ ಕಾರ್ಮಿಕನಿಗೆ ಕಾನೂನು ನಿಷೇಧಿಸಿದ ಗಂಟೆಗಳಲ್ಲಿ ಬೆನ್ನಿಗೆ ಹೊರೆ ಹಾಕಿ ಗುಡ್ಡ ಹತ್ತುವುದು ರಜೆಯ ಹೆಸರಿನಲ್ಲಿಯೂ ಸಲ್ಲದು.

ನಡಿಗೆಯ ಯೋಜನೆ

ಗುಡ್ಡದ ನಡಿಗೆಗೆ ತಗಲುವ ಹೊತ್ತನ್ನು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ಉದ್ದ, 400 ಮೀಟರ್ ಏರು ಇರುವ ದಾರಿಗೆ ಈ ಲೆಕ್ಕದಲ್ಲಿ ಎರಡು ಗಂಟೆ ಸಾಕು. ಆದರೆ ಸೂತ್ರ ಹುಟ್ಟಿದ್ದು ಸ್ಕಾಟ್ಲೆಂಡಿನ ತಂಪು ಹವೆಯಲ್ಲಿ, ಚುರುಕಾದ ಕಾಲುಗಳಿಗಾಗಿ. ಏಜಿಯನ್ ಬೇಸಿಗೆಯಲ್ಲಿ, ಸಡಿಲ ಕಲ್ಲುಗಳ ಮೇಲೆ, ನೆರಳು ಸಿಕ್ಕಲ್ಲೆಲ್ಲ ನಿಲ್ಲುತ್ತ ಹೋಗುವವರು ಅರ್ಧದಷ್ಟು ಹೊತ್ತನ್ನು ಕೂಡಿಸಿಕೊಳ್ಳುವುದು ಕ್ಷೇಮ. ಹೀಗೆ ಬಂದ ಮೂರು ಗಂಟೆಗಳನ್ನು ಸೂರ್ಯೋದಯದಿಂದ ಎಣಿಸಿದರೆ ಒಂಬತ್ತು ಗಂಟೆಯೊಳಗೆ ನಡಿಗೆ ಮುಗಿಯುತ್ತದೆ; ಹತ್ತು ಗಂಟೆಯ ಆಚೆಗೆ ಹೋಗುವ ಯಾವ ಯೋಜನೆಯೂ ಬೇಸಿಗೆಗೆ ತಕ್ಕದ್ದಲ್ಲ.

ಹೋದ ದಾರಿಯಲ್ಲಿಯೇ ನಡೆದು ಹಿಂದಿರುಗಬೇಕೆಂಬ ಕಟ್ಟುಪಾಡು ಇಲ್ಲದಿರುವುದು ಸಿಮಿಯಂತಹ ದ್ವೀಪದ ದೊಡ್ಡ ಅನುಕೂಲ. ಯಾಲೋಸ್ ಬಂದರಿನಿಂದ ದ್ವೀಪದ ಹಲವು ತೀರಗಳಿಗೆ ಬೇಸಿಗೆಯಲ್ಲಿ ಬಾಡಿಗೆ ದೋಣಿಗಳು ಓಡಾಡುತ್ತವೆ. ಯಾಲೋಸ್, ಹೋರಿಯೋ ಮತ್ತು ಪೇಡಿ ಕೊಲ್ಲಿಯ ನಡುವೆ ಬಸ್ಸಿದೆ. ಮುಂಜಾನೆ ಬೆಟ್ಟ ದಾಟಿ ತೀರಕ್ಕೆ ನಡೆದು, ನಡುಹಗಲನ್ನು ನೆರಳಿನಲ್ಲಿಯೂ ನೀರಿನಲ್ಲಿಯೂ ಕಳೆದು, ಮಧ್ಯಾಹ್ನದ ನಂತರ ದೋಣಿಯಲ್ಲಿ ಮರಳುವ ಕ್ರಮ ಇಲ್ಲಿಗೆ ಹೇಳಿ ಮಾಡಿಸಿದ್ದು. ಆ ದಿನ ದೋಣಿ ಬರುವುದೇ ಎಂಬುದನ್ನು ಹೊರಡುವ ಮುನ್ನ ಬಂದರಿನಲ್ಲಿ ವಿಚಾರಿಸಿಕೊಳ್ಳದಿದ್ದರೆ ಮಾತ್ರ ಈ ಅನುಕೂಲವೇ ಬಲೆಯಾಗುತ್ತದೆ. ಗಾಳಿಯಿಂದ ದೋಣಿ ನಿಂತ ದಿನ ಉಳಿಯುವುದು ಮಧ್ಯಾಹ್ನದ ಏರುದಾರಿಯೊಂದೇ.

ಮೈತುಂಬ ಮುಚ್ಚುವ ಸಡಿಲವಾದ ತೆಳು ಬಟ್ಟೆ, ಸುತ್ತಲೂ ಅಂಚಿರುವ ಟೋಪಿ, ಮುಳ್ಳುಗಿಡಗಳ ನಡುವೆ ಕಾಲನ್ನು ಕಾಪಾಡುವ ಪಾದರಕ್ಷೆ, ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಳ್ಳಲು ಒಂದು ವಸ್ತ್ರ, ಸೀಟಿ, ಕಾಗದದ ನಕ್ಷೆ ಇವು ಹಗುರವಾದರೂ ಬೆಲೆಬಾಳುವ ಸಾಮಗ್ರಿಗಳು. ಮೊಬೈಲ್ ಫೋನು ಬಿಸಿಲಿನಲ್ಲಿ ಕಾದು ತಾನಾಗಿ ಆರಿಹೋಗುವುದೂ ಕಣಿವೆಗಳಲ್ಲಿ ಸಂಪರ್ಕ ಕಳೆದುಕೊಳ್ಳುವುದೂ ಸಾಮಾನ್ಯವಾದ್ದರಿಂದ ಅದನ್ನೊಂದೇ ನಂಬಬಾರದು. ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂಬುದನ್ನು ತಂಗಿರುವ ಮನೆಯವರಿಗೆ ತಿಳಿಸಿ ಹೊರಟರೆ, ತಡವಾದಾಗ ಹುಡುಕಾಟ ಸರಿಯಾದ ಗುಡ್ಡದಿಂದ ಆರಂಭವಾಗುತ್ತದೆ. ತುರ್ತು ಕರೆಗೆ ಯುರೋಪಿನ ಉದ್ದಕ್ಕೂ ಇರುವ 112 ಸಂಖ್ಯೆಯೇ ಗ್ರೀಸಿನಲ್ಲಿಯೂ ಇದ್ದು, ಉಷ್ಣ ಅಲೆ ಮತ್ತು ಕಾಡ್ಗಿಚ್ಚಿನ ಎಚ್ಚರಿಕೆಗಳು ಅದೇ ವ್ಯವಸ್ಥೆಯ ಮೂಲಕ ಫೋನುಗಳಿಗೆ ಬರುತ್ತವೆ. ಗ್ರೀಸಿನ ನಾಗರಿಕ ರಕ್ಷಣಾ ಇಲಾಖೆ ಬೇಸಿಗೆಯಲ್ಲಿ ಪ್ರತಿದಿನ ಕಾಡ್ಗಿಚ್ಚಿನ ಅಪಾಯದ ನಕ್ಷೆಯನ್ನು ಪ್ರಕಟಿಸುತ್ತದೆ. ಅಪಾಯ ಹೆಚ್ಚಿರುವ ದಿನಗಳಲ್ಲಿ ಕಾಡಿನ ಪ್ರದೇಶಗಳಿಗೆ ಪ್ರವೇಶ ನಿಷೇಧಿಸುವ ಅಧಿಕಾರ ಆಡಳಿತಕ್ಕಿದೆ. 2023ರ ಜುಲೈನಲ್ಲಿ ನೆರೆಯ ರೋಡ್ಸ್‌ನಲ್ಲಿ ಕಾಡ್ಗಿಚ್ಚಿನಿಂದಾಗಿ ಸುಮಾರು 19,000 ಜನರನ್ನು ಸ್ಥಳಾಂತರಿಸಬೇಕಾಗಿ ಬಂದದ್ದನ್ನು ನೆನೆದರೆ ಈ ಎಚ್ಚರಿಕೆಗಳ ಮಹತ್ವ ತಿಳಿಯುತ್ತದೆ.

ಋತುವಿನ ಆಯ್ಕೆ ಮತ್ತು ಹೊಣೆ

ಏಜಿಯನ್ ಬೆಟ್ಟಗಳನ್ನು ಹೊದ್ದಿರುವ ಫ್ರಿಗಾನಾ ಎಂಬ ಕುರುಚಲು ಸಸ್ಯವರ್ಗದಲ್ಲಿ ಥೈಮ್, ಸೇಜ್, ಒರೆಗಾನೊದಂತಹ ಪರಿಮಳದ ಗಿಡಗಳೂ ಮುಳ್ಳುಪೊದೆಗಳೂ ಇವೆ. ಇವುಗಳಲ್ಲಿ ಹಲವು ಚಳಿಗಾಲದ ದೊಡ್ಡ ಎಲೆಗಳನ್ನು ಬೇಸಿಗೆಯ ಮುನ್ನ ಉದುರಿಸಿ, ಚಿಕ್ಕ ಎಲೆಗಳಲ್ಲಿ ಜೀವ ಹಿಡಿದು, ಮೊದಲ ಮಳೆಯ ನಂತರ ಮತ್ತೆ ಚಿಗುರುತ್ತವೆ. ಕೆಲವು ಗಡ್ಡೆಯ ಸಸ್ಯಗಳು ಬೇಸಿಗೆಯನ್ನು ನೆಲದೊಳಗೆ ಕಳೆದು ಶರತ್ಕಾಲದಲ್ಲಿ ಹೂಬಿಡುತ್ತವೆ. ಏಪ್ರಿಲ್‌ನಿಂದ ಮೇ ಮಧ್ಯದವರೆಗೆ ಬೆಟ್ಟ ಹೂವಿನಿಂದ ತುಂಬಿ ಹವೆ ಹಿತವಾಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಗಾಳಿ ತಣಿದರೂ ಕಡಲು ಬೇಸಿಗೆಯ ಬೆಚ್ಚನೆಯನ್ನು ಉಳಿಸಿಕೊಂಡಿರುವುದರಿಂದ ನಡಿಗೆಯೂ ಈಜೂ ಕೂಡಿಬರುತ್ತವೆ. ನಡೆಯುವುದೇ ಮುಖ್ಯ ಉದ್ದೇಶವಾಗಿರುವವರು ಈ ಎರಡು ಋತುಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಉಚಿತ. ರಜೆಯ ನಿರ್ಬಂಧದಿಂದ ಜುಲೈನಲ್ಲಿಯೇ ಬರಬೇಕಾದವರು ನಡಿಗೆಯನ್ನು ಮುಂಜಾನೆಯ ಎರಡು ಮೂರು ಗಂಟೆಗಳಿಗೆ ಮಿತಗೊಳಿಸಿಕೊಂಡರೆ ಹೋರಿಯೋದ ಬೀದಿಗಳು, ಪೇಡಿಯ ಕಣಿವೆ, ಹತ್ತಿರದ ಮಠಗಳು ಅವರ ಪಾಲಿಗೆ ಉಳಿದೇ ಇರುತ್ತವೆ.

ಆದರೆ ಬೇಸಿಗೆಯ ಗಡಿಗಳೇ ಸರಿಯುತ್ತಿವೆ. ಮೆಡಿಟರೇನಿಯನ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು 20 ಪ್ರತಿಶತ ಹೆಚ್ಚು ವೇಗದಲ್ಲಿ ಬಿಸಿಯಾಗುತ್ತಿದೆ ಎಂದು ಆ ಪ್ರದೇಶದ ವಿಜ್ಞಾನಿಗಳ ಜಾಲ ಹೇಳಿದೆ. ಹಿಂದೆ ನಡಿಗೆಗೆ ಯೋಗ್ಯವೆನಿಸಿದ್ದ ಜೂನ್ ಮೊದಲ ವಾರವನ್ನು ಇನ್ನು ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲವೆಂಬುದನ್ನು 2024 ತೋರಿಸಿಕೊಟ್ಟಿತು. ಈ ಬದಲಾವಣೆಯ ಹೊಣೆಯನ್ನು ಪ್ರವಾಸಿಗನ ಎಚ್ಚರಿಕೆಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಕ್ರೀಟ್ ದ್ವೀಪದ ಸಮಾರಿಯಾ ಕಮರಿಯ 16 ಕಿಲೋಮೀಟರ್ ಹಾದಿಯನ್ನು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದು, ಅತಿ ಬಿಸಿಯ ದಿನಗಳಲ್ಲಿ ಮುಚ್ಚುವ ಪದ್ಧತಿ ಇದೆ. ಚಿಕ್ಕ ದ್ವೀಪಗಳಲ್ಲಿ ಅಂತಹ ಕಾವಲು ಸಾಧ್ಯವಾಗದಿದ್ದರೂ ಹಾದಿಯ ಆರಂಭದಲ್ಲಿ ನಡಿಗೆಗೆ ತಗಲುವ ಹೊತ್ತು, ಬೇಕಾದ ನೀರು, ಹೊರಡಬಾರದ ಗಂಟೆಗಳನ್ನು ತಿಳಿಸುವ ಫಲಕ ನೆಡಬಹುದು, ಕುಸಿದ ಗೋಡೆಗಳನ್ನೂ ಮಾಸಿದ ಗುರುತುಗಳನ್ನೂ ಸರಿಪಡಿಸಬಹುದು, ಮಠಗಳ ತೊಟ್ಟಿಗಳನ್ನು ಮತ್ತೆ ಕುಡಿಯುವ ನೀರಿನ ನೆಲೆಗಳಾಗಿಸಬಹುದು. ಪ್ರವಾಸ ಸಂಸ್ಥೆಗಳು ನಡಿಗೆಯ ಪ್ಯಾಕೇಜುಗಳನ್ನು ಜುಲೈ-ಆಗಸ್ಟ್‌ನಿಂದ ತೆಗೆದು ವಸಂತಕ್ಕೂ ಶರತ್ಕಾಲಕ್ಕೂ ಸರಿಸಬಹುದು. ಅದರಿಂದ ಎರಡು ತಿಂಗಳ ದಟ್ಟಣೆಯನ್ನು ನೆಚ್ಚಿ ಬದುಕುವ ದ್ವೀಪಕ್ಕೆ ವರ್ಷದ ಹೆಚ್ಚು ತಿಂಗಳು ಆದಾಯ ಬರುತ್ತದೆ, ಬೇಸಿಗೆಯಲ್ಲಿ ಅದರ ನೀರಿನ ಮೇಲಿನ ಒತ್ತಡವೂ ಇಳಿಯುತ್ತದೆ. ಹುಡುಕಾಟಕ್ಕೆ ಹೊರಡುವ ಅಗ್ನಿಶಾಮಕ ಸಿಬ್ಬಂದಿ ಮತ್ತು ಸ್ವಯಂಸೇವಕರೂ ಅದೇ ಬಿಸಿಲಿನಲ್ಲಿ ಅದೇ ಗುಡ್ಡ ಹತ್ತಬೇಕಾಗುತ್ತದೆ ಎಂಬುದನ್ನು ನೆನೆದರೆ, ಬಿಸಿಲು ಏರುವ ಮುನ್ನ ನಡಿಗೆ ಮುಗಿಸುವುದು ತನ್ನ ಜೀವದ ಜೊತೆಗೆ ಇತರರ ಜೀವಕ್ಕೂ ತೋರುವ ಗೌರವವಾಗುತ್ತದೆ. ಹಾದಿಗಳನ್ನು ಕಟ್ಟಿದ ಜನರು ಬಿಸಿಲನ್ನು ಗೆಲ್ಲಲು ಹೊರಟವರಲ್ಲ, ಅದಕ್ಕೆ ಹೊತ್ತು ಬಿಟ್ಟುಕೊಟ್ಟು ಬಾಳಿದವರು. ಆ ಹಾದಿಗಳಲ್ಲಿ ನಡೆಯುವ ಇಂದಿನ ಪ್ರವಾಸಿಗನಿಗೂ ಅವನನ್ನು ಕರೆತರುವ ಉದ್ಯಮಕ್ಕೂ ಅನ್ವಯಿಸಬೇಕಾದ ನಿಯಮ ಅದೇ.